ಮದುವೆ ವಾಲಗದ ಸ್ಯಾಕ್ಸೊಫೋನು, ತಮಟೆ, ಮೂವರು ರ‍್ಯಾಪರ್‌ಗಳು: ನಮ್ಮ ಜಾಝ್ ಹಿಪ್‌ಹಾಪ್ ಆಲ್ಬಂ ಯಾಕೆ ಕೂಡಿಬರುತ್ತಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ತುಮಕೂರಿನ ನೀವು ನಾಲ್ವರು ‘ಜಾಝ್‌ಮಟಾಝ್’ ದಾರಿಯಲ್ಲಿ, ಅಂದರೆ ರ‍್ಯಾಪ್ ಜೊತೆ ಜಾಝ್ ವಾದ್ಯ ಬೆರೆಸಿದ ಆ ಅಮೆರಿಕನ್ ಆಲ್ಬಂ ಹಾಗೆ, ಐದು ಹಾಡಿನ ಆಲ್ಬಂಗೆ ಕೈ ಹಾಕಿದ್ದೀರಿ. ಲ್ಯಾಪ್‌ಟಾಪ್‌ನಲ್ಲಿ 90ರ ವೇಗದ (ನಿಮಿಷಕ್ಕೆ 90 ಏಟು) ಬೀಟ್ ರೆಡಿ ಇದೆ, ಕೀಬೋರ್ಡ್‌ನಲ್ಲಿ ಡಿ ಮೈನರ್ ಸೆವೆನ್, ಎ ಸೆವೆನ್ ಎಂಬ ಎರಡು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಸುತ್ತುತ್ತವೆ. ಗುಬ್ಬಿ ಕಡೆಯ ವಾಲಗದ ಮೇಳದಲ್ಲಿ ಆಲ್ಟೊ ಸ್ಯಾಕ್ಸ್ ನುಡಿಸುವ ಹಿರಿಯರೊಬ್ಬರು ಬರಲು ಒಪ್ಪಿದ್ದಾರೆ, ತಮಟೆಯವರೂ ಒಪ್ಪಿದ್ದಾರೆ. ಶಿರಾ, ಕೋಲಾರ, ಚಿಂತಾಮಣಿಯಿಂದ ಒಬ್ಬೊಬ್ಬ ರ‍್ಯಾಪರ್. ಡೆಮೊ ಕೇಳಿದರೆ ಸ್ಯಾಕ್ಸ್ ಅಪಶ್ರುತಿ, ತಮಟೆಗೂ ಬೀಟಿಗೂ ಜಗಳ, ಮಾತು ಅರ್ಥವಾಗಲ್ಲ. ‘ಅವರಿಗೆ ಜಾಝ್ ಬರಲ್ಲ, ಬೆಂಗಳೂರಿಂದ ಬೇರೆಯವರನ್ನ ಕರೆಸೋದಾ?’ ಅಂತ ಕೇಳಿದ್ದೀರಿ.

ಕರೆಸಬೇಡಿ. ತಪ್ಪಿರೋದು ನಿಮ್ಮ ಕಾರ್ಡಿನಲ್ಲಿ, ಅವರ ಉಸಿರಿನಲ್ಲಲ್ಲ.

ಎ ಸೆವೆನ್ ಕಾರ್ಡನ್ನು ಒಂದೊಂದೇ ಸ್ವರ ಬಿಡಿಸಿ ನೋಡಿ. ಡಿ ಅನ್ನು ಷಡ್ಜ ಅಂತಿಟ್ಟುಕೊಂಡರೆ ಅದರಲ್ಲಿರುವುದು ಪ, ಕಾಕಲಿ ನಿ, ರಿ, ಮ. ವಾಲಗದ ಹಿರಿಯರು ಮೈನರ್ ಛಾಯೆಯ ಬೀಟ್ ಕೇಳಿದ ಕೂಡಲೇ ಸಹಜವಾಗಿ ಹಿಡಿಯುವುದು ಖರಹರಪ್ರಿಯ ರಾಗ ಅಥವಾ ಅದರ ಮಕ್ಕಳು, ಅಂದರೆ ಅದರಿಂದ ಹುಟ್ಟಿದ ರಾಗಗಳು. ಅಲ್ಲಿರುವುದು ಕೈಶಿಕಿ ನಿಷಾದ. ಅಂದರೆ ಕೀಬೋರ್ಡು ಒಂದು ನಿಷಾದ ಒತ್ತಿ ಹಿಡಿದಿದೆ, ಸ್ಯಾಕ್ಸು ಅದಕ್ಕೆ ತಾಗಿದ ಕೆಳಗಿನ ನಿಷಾದ ಊದುತ್ತಿದೆ. ಎರಡೂ ಶುದ್ಧವಾಗಿದ್ದರೂ ಒಟ್ಟಿಗೆ ಕೇಳಿದಾಗ ಹಲ್ಲು ಕಡಿದ ಹಾಗಾಗುತ್ತದೆ. ಎ ಸೆವೆನ್ ತೆಗೆದು ಜಿ ಸೆವೆನ್ ಹಾಕಿ. ಅದರ ಸ್ವರಗಳು ಮ, ದ, ಸ, ಗ. ಡಿ ಮೈನರ್ ಸೆವೆನ್‌ನವು ಸ, ಗ, ಪ, ನಿ. ಎಂಟಕ್ಕೆ ಎಂಟೂ ಖರಹರಪ್ರಿಯದ ಒಳಗೇ ಇವೆ, ಷಡ್ಜವೂ ಗಾಂಧಾರವೂ ಎರಡರಲ್ಲೂ ಇವೆ. ಜಾಝ್‌ನವರು ಡೋರಿಯನ್ ಅನ್ನುವುದೂ ಇದೇ ಏಳು ಸ್ವರಗಳ ಏಣಿಯನ್ನೇ.

ಇನ್ನೊಂದು ತೊಡಕು ಗಮಕದ್ದು. ಗಾಂಧಾರವನ್ನು ಅವರು ತೂಗಾಡಿಸುತ್ತಾರೆ, ಕೀಬೋರ್ಡು ಅದನ್ನೇ ನೆಟ್ಟಗೆ ಹಿಡಿದಿರುತ್ತದೆ. ಗಮಕ ಬಿಡಿ ಅಂತ ಅವರಿಗೆ ಹೇಳಲೇಬೇಡಿ. ಆ ತೂಗಾಟ ಹೋದರೆ ಅವರನ್ನು ಕರೆದದ್ದಕ್ಕೆ ಅರ್ಥವೇ ಇಲ್ಲ. ಸ್ಯಾಕ್ಸ್ ಮುಂದೆ ಬರುವ ಕಡೆ ಕೀಬೋರ್ಡಿನವರು ಗಾಂಧಾರದ ಮೇಲಿನ ಬೆರಳು ಎತ್ತಿ ಸ, ಪ, ನಿ ಮಾತ್ರ ಒತ್ತಲಿ. ಜಿ ಸೆವೆನ್‌ನಲ್ಲಿ ಮ, ದ, ಸ ಸಾಕು.

ಶ್ರುತಿಯನ್ನೂ ಅವರಿಂದಲೇ ಶುರು ಮಾಡಿ. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಸ್ಯಾಕ್ಸಿಗಿಲ್ಲ. ‘ಸ್ವಾಮಿ, ನಿಮಗೆ ಯಾವ ಶ್ರುತಿ ಕೈಗೆ ಕೂತಿದೆ?’ ಅಂತ ಕೇಳಿ, ಅವರ ಷಡ್ಜವನ್ನು ಫೋನಿನ ಟ್ಯೂನರ್‌ನಲ್ಲಿ ನೋಡಿ, ಹಾಡನ್ನೇ ಅಲ್ಲಿಗೆ ಸರಿಸಿ. ನೋಡುವ ಮುಂಚೆ ಹತ್ತು ನಿಮಿಷ ನುಡಿಸಲಿ, ತಣ್ಣಗಿರುವ ಸ್ಯಾಕ್ಸ್ ಇಳಿದಿರುತ್ತದೆ, ಬಿಸಿಯಾದಂತೆ ಏರುತ್ತದೆ. ಆಮೇಲೂ ಏರಿದ್ದರೆ ಮೌತ್‌ಪೀಸ್ ಸ್ವಲ್ಪ ಹೊರಗೆಳೆಯುವುದು, ಇಳಿದಿದ್ದರೆ ಒಳಗೆ ತಳ್ಳುವುದು. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದುವವರಾದರೆ ನೆನಪಿಡಿ, ಆಲ್ಟೊ ಸ್ಯಾಕ್ಸಿಗೆ ಡಿ ಮೈನರ್ ಅನ್ನು ಬಿ ಮೈನರ್ ಅಂತ ಬರೆದುಕೊಡಬೇಕು.

ತಮಟೆಯ ಜಗಳ ಲೆಕ್ಕದ್ದು. ತಮಟೆಯ ಎಷ್ಟೋ ವರಸೆಗಳು ತಿಶ್ರದ, ಅಂದರೆ ಮೂರರ ನಡೆಯಲ್ಲಿವೆ: ಒಂದು ಉದ್ದ, ಒಂದು ಗಿಡ್ಡ. ಬೀಟ್ ಸಾಫ್ಟ್‌ವೇರ್‌ನಲ್ಲಿ ಸ್ವಿಂಗ್ (ಜೋಡಿ ಏಟಿನಲ್ಲಿ ಎರಡನೆಯದು ಶೇಕಡ ಎಷ್ಟರಲ್ಲಿ ಬೀಳಬೇಕೆಂಬ ಅಳತೆ) 50 ಅಂದರೆ ಸಮ, 66 ಅಂದರೆ ಹೆಚ್ಚುಕಡಿಮೆ ಪೂರ್ತಿ ತಿಶ್ರ. ನೀವು 54 ಇಟ್ಟಿರುವುದಾಗಿ ಬರೆದಿದ್ದೀರಿ. 90ರ ವೇಗದಲ್ಲಿ ಹದಿನಾರರ ಜೋಡಿಯಲ್ಲಿ (ಏಟಿನ ಕಾಲುಭಾಗದಷ್ಟರ ಎರಡು ಸಣ್ಣ ಏಟು) ಎರಡನೇ ಏಟು ನಿಮ್ಮ ಬೀಟಿನಲ್ಲಿ 180 ಮಿಲಿಸೆಕೆಂಡಿಗೆ ಬೀಳುತ್ತದೆ, ತಿಶ್ರದ ತಮಟೆಯದು ಸುಮಾರು 222ಕ್ಕೆ. ಆ 42 ಮಿಲಿಸೆಕೆಂಡೇ ನಿಮಗೆ ಒದ್ದಾಟದಂತೆ ಕೇಳುವುದು. ತಮಟೆಯನ್ನು ಎಡಿಟ್ ಮಾಡಿ ಎಳೆಯುವ ಬದಲು ಬೀಟಿನ ಸ್ವಿಂಗನ್ನು 62ರಿಂದ 66ರ ನಡುವೆ ಇಟ್ಟು ನೋಡಿ. ಇನ್ನೂ ಒಳ್ಳೆಯದು, ತಮಟೆಯನ್ನು ಮೊದಲು ರೆಕಾರ್ಡ್ ಮಾಡಿ ಅದರ ಮೇಲೆ ಕಿಕ್, ಸ್ನೇರ್ ಡ್ರಮ್ ಕೂರಿಸುವುದು. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಮೂಲಕ ಪದ್ಮಶ್ರೀ ನಿಮ್ಮ ರ‍್ಯಾಪರ್‌ನ ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಗೇ ಬಂದದ್ದು ಈ ವಾದ್ಯಕ್ಕೆ. ಅದನ್ನು ಒಗ್ಗರಣೆಯ ಹಾಗೆ ಕೊನೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಚರ್ಮದ ತಮಟೆಯಾದರೆ ಪಕ್ಕದಲ್ಲಿ ತೆಂಗಿನ ಗರಿ ಇಟ್ಟುಕೊಂಡಿರಿ. ಕಾಯಿಸಿದ ಚರ್ಮ ನಾಲ್ಕಾರು ಟೇಕಿಗೆ ಸಡಿಲವಾಗಿ ದನಿ ಇಳಿಯುತ್ತದೆ, ಮೊದಲ ಟೇಕಿನ ತುಂಡನ್ನು ಏಳನೆಯದಕ್ಕೆ ಅಂಟಿಸಿದರೆ ಎರಡು ಬೇರೆ ವಾದ್ಯದಂತೆ ಕೇಳುತ್ತದೆ. ಪ್ರತಿ ಟೇಕಿಗೂ ಮುಂಚೆ ಕಾಯಿಸಿ, ಒಂದೇ ಏಟು ರೆಕಾರ್ಡ್ ಮಾಡಿ ಹಿಂದಿನದರ ಜೊತೆ ಹೋಲಿಸಿ, ಆಮೇಲೆ ಶುರು ಮಾಡಿ. ಮೈಕು ಡೈನಾಮಿಕ್ ಸಾಕು, ನಾಲ್ಕೈದು ಅಡಿ ದೂರದಲ್ಲಿ. ಸ್ಯಾಕ್ಸಿಗೆ ಒಂದು ಅಡಿಯಿಂದ ಒಂದೂವರೆ ಅಡಿ, ವಾದ್ಯದ ಬಾಯಿಗೆ ನೇರವಾಗಿ ಅಲ್ಲ, ಬಲಗೈ ಬೆರಳುಗಳ ಕಡೆ ತಿರುಗಿಸಿ. ಇದರ ದನಿ ಬರುವುದು ಬರೀ ಬಾಯಿಯಿಂದಲ್ಲ, ತೆರೆದ ಕೀಲಿಗಳಿಂದಲೂ. ಕಲ್ಯಾಣ ಮಂಟಪದ ಹಾಲ್ ಬೇಡ, ಗುಂಯ್‌ಗುಡುತ್ತದೆ. ಮನೆಯ ಕೋಣೆ, ಗೋಡೆಗೆ ಹಾಸಿಗೆ, ಕಂಬಳಿ. ಬ್ಲೂಟೂತ್ ಹೆಡ್‌ಫೋನ್ ಯಾರ ಕಿವಿಗೂ ಬೇಡ, ದನಿ ತಡವಾಗಿ ಬಂದು ಎಲ್ಲರೂ ಹಿಂದೆ ಬೀಳುತ್ತಾರೆ. ರೆಕಾರ್ಡಿಂಗಿನಲ್ಲಿ ಗುಂಯ್ ಅಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಈಗ ಮಾತು ಕೇಳದ ವಿಷಯ. ನೀವು ಸ್ಯಾಕ್ಸನ್ನು ಇಡೀ ವರ್ಸ್ (ರ‍್ಯಾಪ್ ಮಾಡುವ ಭಾಗ) ಕೆಳಗೆ ಹರಿಯಬಿಟ್ಟಿದ್ದೀರಿ. ವಾಲ್ಯೂಮ್ ಇಳಿಸಿದರೆ ಪರಿಹಾರವಾಗಲ್ಲ, ಎರಡೂ ದನಿಗಳು ಒಂದೇ ಜಾಗದಲ್ಲಿ ಓಡಾಡುತ್ತವೆ. ಅಮೆರಿಕದ ರ‍್ಯಾಪರ್ ಗುರು 1993ರ ‘ಜಾಝ್‌ಮಟಾಝ್’ ಮೊದಲ ಸಂಪುಟಕ್ಕೆ ಡೊನಾಲ್ಡ್ ಬರ್ಡ್, ರಾಯ್ ಏಯರ್ಸ್, ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅವರಂಥ ಜಾಝ್ ವಾದಕರನ್ನು ಕರೆದದ್ದನ್ನು ಕೇಳುವಾಗ ವಾದ್ಯ ಯಾವಾಗ ಸುಮ್ಮನಿರುತ್ತದೆ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ನಿಮ್ಮ 16 ಬಾರ್‌ನ ವರ್ಸ್ 90ರ ವೇಗದಲ್ಲಿ, ಬಾರಿಗೆ ನಾಲ್ಕು ಏಟಿನಂತೆ, ಸುಮಾರು 43 ಸೆಕೆಂಡು. ಅದರಲ್ಲಿ ಪ್ರತಿ ನಾಲ್ಕನೇ ಬಾರ್‌ನ ಕೊನೆಯ ಎರಡು ಏಟು ಮಾತ್ರ ಸ್ಯಾಕ್ಸಿಗೆ. ರ‍್ಯಾಪರ್ ಅಲ್ಲಿ ಉಸಿರು ಎಳೆದುಕೊಳ್ಳಲಿ, ಸ್ಯಾಕ್ಸಿನ ಹಿರಿಯರು ಉತ್ತರ ಕೊಡಲಿ. ವರ್ಸ್ ಮುಗಿದ ಮೇಲೆ ಎಂಟು ಬಾರ್ ಪೂರ್ತಿ ಅವರದೇ. ಮೂವರು ಅತಿಥಿಗಳನ್ನೂ ಒಂದೇ ಹಾಡಿಗೆ ತುರುಕಬೇಡಿ, ಒಬ್ಬೊಬ್ಬರಿಗೆ ಒಂದೊಂದು ಹಾಡು ಕೊಡಿ. ಕೋಲಾರದವರು ನಡುನಡುವೆ ತೆಲುಗು ಬೆರೆಸುತ್ತಾರೆ ಅಂತ ಅಳುಕಿದ್ದೀರಿ. ಅದೇ ‘ಜಾಝ್‌ಮಟಾಝ್’ನಲ್ಲಿ ಎಂಸಿ ಸೊಲಾರ್ ಫ್ರೆಂಚ್‌ನಲ್ಲೇ ರ‍್ಯಾಪ್ ಮಾಡಿದ್ದಾರೆ. ಬೆರೆಸಲಿ, ಅದು ಅವರ ಊರಿನ ಮಾತು.

ಸಾಹಿತ್ಯದ ಬಗ್ಗೆ ಒಂದೇ ಮಾತು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಹೋಗ್ತೀನಿ, ಬರ್ತೀನಿ, ನೋಡ್ತೀನಿ’ ಅನ್ನುವ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ, ಆರನೇ ಸಾಲಿಗೆ ಕಿವಿ ಸೋಲುತ್ತದೆ. ನಮ್ಮ ಹಳೆಯ ಆದಿಪ್ರಾಸವನ್ನು ತನ್ನಿ: ಗುಬ್ಬಿ, ಹಬ್ಬ, ಎಬ್ಬಿಸು. ಆ ‘ಬ್ಬ’ದ ಒತ್ತು ಎರಡನೇ, ನಾಲ್ಕನೇ ಏಟಿನ ಸ್ನೇರ್ ಮೇಲೆಯೇ ಬಿದ್ದರೆ ಮೈಕಿನಲ್ಲಿ ಕೂಗುವ ಅಗತ್ಯವೇ ಇರುವುದಿಲ್ಲ.

ದೂರದಿಂದ ವರ್ಸ್ ಕಳಿಸುವವರಿಗೆ ಹೇಳಿ: ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಸ್, ಹಾಡಿನ ಸೊನ್ನೆಯಿಂದ ಶುರು, ರಿವರ್ಬ್ (ಗುಂಯ್‌ಗುಡುವ ಎಫೆಕ್ಟ್) ಇಲ್ಲದೆ, ಡಬಲ್ (ಅದೇ ಸಾಲನ್ನು ಮತ್ತೆ ಹೇಳಿದ್ದು) ಮತ್ತು ನಡುನಡುವಿನ ಉದ್ಗಾರದ ಆಡ್‌ಲಿಬ್ ಬೇರೆ ಬೇರೆ ಫೈಲ್. ವಾಟ್ಸಾಪ್‌ನಲ್ಲಾದರೆ ಆಡಿಯೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಅವರು 44.1ರಲ್ಲಿ ಮಾಡಿ ನಿಮ್ಮ ಪ್ರಾಜೆಕ್ಟ್ ಅದನ್ನು 48 ಅಂತ ಓದಿಕೊಂಡರೆ ದನಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ ಓಡುತ್ತದೆ. ಶಿರಾದವರ ವರ್ಸ್ ‘ಚಿಕ್ಕ ಹುಡುಗನ ಹಾಗಿದೆ’ ಅಂದದ್ದು ಬಹುಶಃ ಇದೇ.

ಹಳೇ ಚಿತ್ರಗೀತೆಯ ತುಣುಕು ಬೇಡ ಅಂತಲೇ ಹೇಳುತ್ತೇನೆ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ, ಸಂಗೀತ ಮತ್ತು ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು. ಸ್ಯಾಕ್ಸ್ ಎದುರಿಗೇ ಇರುವಾಗ ಆ ತಾಪತ್ರಯ ಯಾಕೆ?

ದಿನ ಗೊತ್ತುಮಾಡುವಾಗ ಲಗ್ನದ ಕಾಲ ತಪ್ಪಿಸಿ. ಆಷಾಢದಲ್ಲಿ ಮೇಳದವರು ಬಿಡುವಾಗಿರುತ್ತಾರೆ, ಆದರೆ ಗಾಳಿಯ ತೇವಕ್ಕೆ ಚರ್ಮ ಬೇಗ ಸಡಿಲುತ್ತದೆ. ಧನುರ್ಮಾಸ ಒಣ ಚಳಿ, ಮುಹೂರ್ತವೂ ಇಲ್ಲ, ಅದೇ ಸರಿಯಾದ ಸಮಯ. ಮದುವೆಗೆ ಪಡೆಯುವಷ್ಟೇ ಸಂಭಾವನೆ ಕೊಡಿ, ಹಾಡಿನ ಹೆಸರಿನ ಪಕ್ಕದಲ್ಲೇ ಅವರ ಹೆಸರು ಬರೆಯಿರಿ. ಈ ಭಾನುವಾರ ಲ್ಯಾಪ್‌ಟಾಪ್ ಮನೆಯಲ್ಲಿಟ್ಟು ಕೀಬೋರ್ಡ್, ಟ್ಯೂನರ್ ಎರಡನ್ನೇ ಹಿಡಿದು ಗುಬ್ಬಿಗೆ ಹೋಗಿ, ಡಿ ಮೈನರ್ ಸೆವೆನ್, ಜಿ ಸೆವೆನ್ ಕಾರ್ಡುಗಳನ್ನು ಅರ್ಧ ಗಂಟೆ ಒತ್ತುತ್ತಾ ಅವರು ಏನು ನುಡಿಸುತ್ತಾರೋ ಕೇಳಿಸಿಕೊಂಡು ಬನ್ನಿ.