ದಿನಾ ಹೆಪಾರಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಹೆರಿಗೆಯಲ್ಲಿ ಎಪಿಡ್ಯೂರಲ್ ಕೊಡಬಹುದಾ?

ನಿಮಗೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆ) ಇದೆ, 34 ವಾರ ಆಗಿದೆ, ಆಸ್ಪಿರಿನ್ ಜೊತೆ ದಿನಾ ಎನಾಕ್ಸಪರಿನ್ (ಹೆಪ್ಪುಗಟ್ಟದಂತೆ ತಡೆಯುವ ಒಂದು ಬಗೆಯ ಹೆಪಾರಿನ್) ನಡೆಯುತ್ತಿದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಎಪಿಟಿಟಿ ರಿಪೋರ್ಟ್ ಬೇರೆ ಜಾಸ್ತಿ ಬಂದಿದೆ. ಎಪಿಡ್ಯೂರಲ್ ಅಂದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಸೂಜಿ ಹಾಕಿ ಸಣ್ಣ ಟ್ಯೂಬ್ ಇಡುವುದು. ಆ ಸೂಜಿ ಹಾಕಿದಾಗ ರಕ್ತ ನಿಲ್ಲದೇ ಹೋದರೆ ಅನ್ನೋದು ನಿಮ್ಮ ಭಯ, ಅಲ್ವಾ?

ನಾನು ಅರಿವಳಿಕೆ ಡಾಕ್ಟರ್. ಹೆಚ್ಚಿನವರಿಗೆ ಕೊಡಬಹುದು. ಕೊನೆಯ ಇಂಜೆಕ್ಷನ್ ಯಾವಾಗ ಆಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಆ ರಿಪೋರ್ಟ್ ವಿಷಯ. ಈ ಕಾಯಿಲೆಯಲ್ಲಿ ಎಪಿಟಿಟಿ ಏರುವುದು ಸಾಮಾನ್ಯವಾಗಿ ಲೂಪಸ್ ಆಂಟಿಕೊಆಗ್ಯುಲೆಂಟ್ ಅನ್ನುವ ಪ್ರತಿಕಾಯದಿಂದ. ಹೆಸರು ಕೇಳಿದರೆ ಹೆಪ್ಪುಗಟ್ಟದಂತೆ ತಡೆಯುವಂಥದ್ದು ಅನ್ನಿಸುತ್ತದೆ. ಮೈಯೊಳಗೆ ಅದು ಮಾಡುವುದು ಪೂರಾ ಉಲ್ಟಾ. ಲ್ಯಾಬಿನಲ್ಲಿ ಟೆಸ್ಟಿಗೆ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿನ ಪದಾರ್ಥ ಬೆರೆಸುತ್ತಾರೆ. ಪ್ರತಿಕಾಯ ಅದಕ್ಕೇ ಅಡ್ಡ ಬಂದು ಟ್ಯೂಬಿನಲ್ಲಿ ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ. ಬೇರೆ ಕಾರಣ ಇಲ್ಲ ಅಂತ ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಗಳ ಡಾಕ್ಟರ್) ಒಮ್ಮೆ ಖಚಿತ ಮಾಡಿದ್ದರೆ ಆ ನಂಬರಿಗೆ ಹೆದರಬೇಡಿ. ನಾನು ನೋಡುವುದು ಪ್ಲೇಟ್ಲೆಟ್. ಈ ಕಾಯಿಲೆಯಲ್ಲಿ ಅದು ಇಳಿಯುವುದುಂಟು. 70,000ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಆಸ್ಪಿರಿನ್ ಒಂದೇ ಆದರೆ ಅದೂ ಅಡ್ಡಿಯಲ್ಲ.

ಚಿಂತೆ ಇರುವುದು ಎನಾಕ್ಸಪರಿನ್‌ದು. ಬೆನ್ನುಹುರಿಯ ಸುತ್ತಲಿನ ಜಾಗ ಇಕ್ಕಟ್ಟು. ಅಲ್ಲಿ ರಕ್ತ ತುಂಬಿದರೆ ನರ ಒತ್ತಿ ಕಾಲಿನ ಸ್ವಾಧೀನವೇ ಹೋಗಬಹುದು. ತೀರಾ ಅಪರೂಪ, ಆದರೂ ಆಟ ಆಡುವ ವಿಷಯವಲ್ಲ. ಅದಕ್ಕೇ ಕಡಿಮೆ ಡೋಸ್ ಆದರೆ 12 ಗಂಟೆ, ಚಿಕಿತ್ಸೆಯ ದೊಡ್ಡ ಡೋಸ್ ಆದರೆ 24 ಗಂಟೆ ಕಾಯುತ್ತೇವೆ.

ಒಮ್ಮೆ ಒಬ್ಬರು ಬೆಳಗಿನ ಜಾವ ನೋವು ತಿನ್ನುತ್ತಾ ಬಂದರು. ಇಂಜೆಕ್ಷನ್ ಯಾವಾಗ ಅಂದರೆ "ರಾತ್ರಿ ಊಟ ಆದ್ಮೇಲೆ" ಎಂದರು. ಊಟ ಏಳಕ್ಕೋ ಹತ್ತಕ್ಕೋ? ಅವರ ಗಂಡ ಫೋನ್ ತೆಗೆದು ಅಲಾರಾಂ ತೋರಿಸಿದರು: 7:30. ಗೋಡೆ ಗಡಿಯಾರದಲ್ಲಿ ಆಗ ಆರೂವರೆ. ಡೋಸ್ ಚಿಕ್ಕದು. ಒಂದು ಗಂಟೆ ಕಾದು ಎಪಿಡ್ಯೂರಲ್ ಹಾಕಿದೆ. ಆ ಅಲಾರಾಂ ಇಲ್ಲದಿದ್ದರೆ ಸುಮ್ನೆ ಇನ್ನೂ ಮೂರು ಗಂಟೆ ನರಳುತ್ತಿದ್ದರು.

ಕಾಯಲು ಆಗದಷ್ಟು ತುರ್ತು ಸಿಸೇರಿಯನ್ ಆದರೆ ಪೂರ್ತಿ ನಿದ್ದೆ ಬರಿಸುವ ಅರಿವಳಿಕೆ ಕೊಡುತ್ತೇವೆ.

ಹೆರಿಗೆಯ ನಂತರ ಹೆಪ್ಪುಗಟ್ಟುವ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಸಾಮಾನ್ಯವಾಗಿ 6 ವಾರ ಇಂಜೆಕ್ಷನ್ ಮುಂದುವರಿಯುತ್ತದೆ. ಬೆನ್ನಿನ ಟ್ಯೂಬ್ ತೆಗೆದು ಕನಿಷ್ಠ 4 ಗಂಟೆಯಾದರೂ ಆದ ಮೇಲೆ ಮುಂದಿನ ಡೋಸ್. ಮರಗಟ್ಟುವಿಕೆ ಹೋಗಿ ಮತ್ತೆ ಬಂದರೆ, ಕಾಲು ಎತ್ತಲಾಗದಿದ್ದರೆ ಆ ಕ್ಷಣವೇ ನರ್ಸನ್ನು ಕರೆಯಿರಿ.

ಈ ವಾರವೇ ನಿಮ್ಮ ಆಸ್ಪತ್ರೆಯ ಅರಿವಳಿಕೆ ಡಾಕ್ಟರನ್ನು ಕಂಡು ಮಾತಾಡಿ. ನೋವು ಶುರುವಾದಂತೆ ಅನ್ನಿಸಿದರೆ, ಮುಂದಿನ ಇಂಜೆಕ್ಷನ್ ಚುಚ್ಚಿಕೊಳ್ಳುವ ಮೊದಲು ಫೋನ್ ಮಾಡಿ ಕೇಳಿ.