ಎಲೆಗಳು ನೀಲಿಯಾದ ಗೋಡೆ ಬಟ್ಟೆ

ಪ್ರಶ್ನೆ: ನಮ್ಮಜ್ಜ ಮುಂಬೈಯ ಹಳೆ ಸಾಮಾನಿನ ಅಂಗಡಿಯಿಂದ ಗೋಡೆಗೆ ತೂಗುಹಾಕುವ, ಚಿತ್ರ ನೇಯ್ದ ಒಂದು ದೊಡ್ಡ ಗೋಡೆ ಬಟ್ಟೆ (ಟ್ಯಾಪೆಸ್ಟ್ರಿ) ತಂದಿದ್ದರು. ತುಂಬಾ ಮರ, ಎಲೆ, ಹಕ್ಕಿಗಳಿವೆ. ಮೊನ್ನೆ ಬಂದ ನೆಂಟರು ಇದು ಫ್ರಾನ್ಸಿನ ಗೋಬೆಲಿನ್ ಕಾರ್ಖಾನೆಯದ್ದು, ಲಕ್ಷಗಟ್ಟಲೆ ಬಾಳುತ್ತದೆ ಅಂದರು. ನಿಜ ಇರಬಹುದಾ? ಎಲೆಗಳೆಲ್ಲ ನೀಲಿಯಾಗಿವೆ, ತೊಳೆದರೆ ಹಸಿರು ಬರುತ್ತದಾ?
– ಓದುಗರು, ಗದಗ-ಬೆಟಗೇರಿ

ಉತ್ತರ: ದಯವಿಟ್ಟು ತೊಳೆಯಬೇಡಿ. ಹಳೆ ಉಣ್ಣೆ, ರೇಷ್ಮೆ ನೀರು ಕುಡಿದು ಭಾರವಾದರೆ ತನ್ನ ಭಾರಕ್ಕೇ ಹರಿಯುತ್ತದೆ. ಆ ನೀಲಿ ಕೊಳೆಯೂ ಅಲ್ಲ. ಹಿಂದಿನ ಕಾಲದಲ್ಲಿ ಹಸಿರು ಬಣ್ಣವನ್ನು ನೀಲಿ ಮತ್ತು ಗಿಡದ ಹಳದಿ ಸೇರಿಸಿ ಮಾಡುತ್ತಿದ್ದರು, ಹಳದಿ ಬೆಳಕಿಗೆ ಬೇಗ ಹಾರಿಹೋಗುತ್ತದೆ, ನೀಲಿ ಉಳಿಯುತ್ತದೆ. ಅಂದರೆ ಬಟ್ಟೆ ಹಳೆಯದಿರಬಹುದು ಅನ್ನುವುದಕ್ಕೆ ನಿಮ್ಮ ನೀಲಿ ಎಲೆ ಒಳ್ಳೆಯ ಸುದ್ದಿಯೇ, ಆದರೆ ಅದೊಂದೇ ಸಾಕಾಗುವುದಿಲ್ಲ.

ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ. ನಿಮ್ಮೂರಿನ ನೇಕಾರರನ್ನೇ ಕರೆಯಿರಿ, ನನಗಿಂತ ಬೇಗ ಗುರುತಿಸುತ್ತಾರೆ. ಸೀರೆಯಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ ಅಲ್ವಾ, ಕೈಯಲ್ಲಿ ನೇಯ್ದ ಗೋಡೆ ಬಟ್ಟೆಯಲ್ಲಿ ಹಾಗಲ್ಲ. ಒಂದೊಂದು ಬಣ್ಣದ ಹೊಕ್ಕು (ಅಡ್ಡ ದಾರ) ತನ್ನ ಜಾಗದಲ್ಲೇ ಹೋಗಿ ಬರುತ್ತದೆ, ಹಾಸು (ಉದ್ದ ದಾರ) ಪೂರ್ತಿ ಮುಚ್ಚಿಹೋಗುತ್ತದೆ. ನವಲಗುಂದದ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ಜಮಖಾನ ನೇಯುವುದನ್ನು ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಎರಡು ಬಣ್ಣ ಕೂಡುವಲ್ಲಿ ಸಣ್ಣ ಸೀಳು ಉಳಿಯುತ್ತದೆ, ಅದನ್ನು ಆಮೇಲೆ ಹೊಲಿಯುತ್ತಾರೆ. ಹಿಂದೆಯೂ ಅದೇ ಚಿತ್ರ ಇದ್ದು ದಾರದ ತುದಿಗಳು ಜೋತಾಡುತ್ತಿದ್ದರೆ ಕೈಮಗ್ಗದ್ದು. ಬಣ್ಣದ ದಾರಗಳು ಈ ಕೊನೆಯಿಂದ ಆ ಕೊನೆಗೆ ಪಟ್ಟೆಪಟ್ಟೆಯಾಗಿ ಓಡಿದ್ದರೆ ಚಿತ್ರವನ್ನು ತಾನೇ ನೇಯುವ ಜಕಾರ್ಡ್ ಯಂತ್ರದ ನಕಲು. ಅಂಥವು 19ನೇ ಶತಮಾನದ ಕೊನೆಯಿಂದ ರಾಶಿಗಟ್ಟಲೆ ಬಂದಿವೆ.

ಅಸಲಿ ಆದರೂ ಗೋಬೆಲಿನ್ ಅನ್ನುವ ಮಾತು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಪ್ಯಾರಿಸ್ಸಿನ ಆ ಕಾರ್ಖಾನೆಯನ್ನು 1662ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಶುರು ಮಾಡಿಸಿದ್ದು, ಚಿತ್ರಕಾರ ಶಾರ್ಲ್ ಲ ಬ್ರನ್ ಅದನ್ನು ನಡೆಸಿದ. ಅಲ್ಲಿ ಹೆಚ್ಚಾಗಿ ಅರಮನೆಗೇ ನೇಯುತ್ತಿದ್ದರು. ಒಂದು ಚದರ ಮೀಟರ್‌ಗೆ ಒಬ್ಬ ನೇಕಾರನಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಿಂಬದಿಗೆ ಕೂತು ನೇಯುತ್ತಿದ್ದದ್ದರಿಂದ ಮುಂದೆ ಚಿತ್ರ ಹೇಗೆ ಬರುತ್ತಿದೆ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಬೇಕಿತ್ತು, ಆ ತಾಳ್ಮೆ ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಚಿನ್ನ, ಬೆಳ್ಳಿ ದಾರ ಸೇರಿಸಿ ನೇಯ್ದವೂ ಇದ್ದವು. 1797ರಲ್ಲಿ ಸರ್ಕಾರ ಆ ಲೋಹಕ್ಕಾಗಿಯೇ ಅರಮನೆಯ ಹಳೆ ಬಟ್ಟೆಗಳಲ್ಲಿ ಎಷ್ಟೋ ಸುಟ್ಟುಹಾಕಿತು, ಇದು ನನಗೆ ಇವತ್ತಿಗೂ ನೋವು. 1664ರಲ್ಲಿ ಶುರುವಾದ ಫ್ರಾನ್ಸಿನ ಇನ್ನೊಂದು ಕಾರ್ಖಾನೆ ಬೋವೇ ಮಾತ್ರ ಹೊರಗಿನ ಗಿರಾಕಿಗಳಿಗೂ ಮಾರುತ್ತಿತ್ತು.

ಬರೀ ಕಾಡು, ಎಲೆ, ಹಕ್ಕಿ ಅಂದರೆ ಫ್ರಾನ್ಸಿನ ಓಬ್ಯುಸೋನ್ ಊರಿನದ್ದಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಮನೆಮನೆಯ ಮಗ್ಗಗಳಲ್ಲೂ ನೇಯುತ್ತಿದ್ದರು. ಫ್ರಾನ್ಸಿನ ಪಕ್ಕದ ಫ್ಲಾಂಡರ್ಸ್‌ನದ್ದೂ (ಈಗಿನ ಬೆಲ್ಜಿಯಂ ಕಡೆ) ಆಗಿರಬಹುದು. ಕೆಳಗಿನ ಅಂಚಿನಲ್ಲಿ ಊರನ್ನೋ ನೇಕಾರನನ್ನೋ ತಿಳಿಸುವ ನೇಯ್ದ ಅಕ್ಷರ ಇದೆಯಾ ನೋಡಿ. ಅಂಚು ಕತ್ತರಿಸಿ ಮಾರಿದ್ದೂ ಉಂಟು, ಅಕ್ಷರ ಇಲ್ಲ ಅಂತ ಬೇಸರ ಬೇಡ.

ಎಲ್ಲಿಯದ್ದು ಅಂತ ಗೊತ್ತಾಗುವವರೆಗೆ ಮಡಚಬೇಡಿ, ದಪ್ಪ ಕೊಳವೆಗೆ ಸುತ್ತಿ ಬಿಸಿಲು ಬೀಳದ ಕಡೆ ಇಡಿ. ಹಿಂಬದಿಯ ಫೋಟೋ ಕಳಿಸಿ, ಮುಂಬದಿಯದ್ದು ಆಮೇಲೆ ನೋಡೋಣ.