ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದಿದರೆ ಮುಂದೆ ಏನು ಮಾಡಬಹುದು?

ಸಮಾಜಶಾಸ್ತ್ರ ಇಷ್ಟ, ಆದರೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಅದನ್ನೇ ಓದಿದವನು. ಈಗ ಜನರನ್ನು ಪ್ರಶ್ನೆ ಕೇಳಿ ಮಾಹಿತಿ ಕಲೆಹಾಕುವ ಸರ್ವೆ ಕೆಲಸದಲ್ಲಿದ್ದೇನೆ.

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ನರ್ಸಿಂಗ್ ಓದಿದವರು ನರ್ಸ್ ಆಗುತ್ತಾರೆ. ಇದು ಹಾಗಲ್ಲ. ಓದಿನ ಹೆಸರೇ ಹುದ್ದೆಯ ಹೆಸರಾಗುವುದು ಅಪರೂಪ. 'ಸಮಾಜಶಾಸ್ತ್ರಜ್ಞ' ಅಂತ ಕರೆಸಿಕೊಳ್ಳಬೇಕಾದರೆ ಎಂಎ, ಪಿಎಚ್‌ಡಿ ಅಂತ ಇನ್ನೂ ಎಷ್ಟೋ ವರ್ಷ ಓದಬೇಕು.

ಮೊದಲ ವರ್ಷ ಜಾಸ್ತಿ ಥಿಯರಿ. ಕಾಮ್ಟ್, ಮಾರ್ಕ್ಸ್, ವೆಬರ್ ಥರದ ಹಳೆಯ ಚಿಂತಕರು. ಅರ್ಧ ತಲೆಮೇಲೆ ಹೋಗುತ್ತದೆ, ಹೋಗಲಿ ಬಿಡಿ. ನನ್ನನ್ನು ಹಿಡಿದು ಕೂರಿಸಿದ್ದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೈಮ್. ಆತ್ಮಹತ್ಯೆ ಅಂದರೆ ಒಬ್ಬ ಮನುಷ್ಯನ ತೀರಾ ಖಾಸಗಿ ವಿಷಯ ಅಂದುಕೊಳ್ಳುತ್ತೇವೆ, ಅಲ್ವಾ? ಅದರ ಪ್ರಮಾಣ ಕೂಡ ಮದುವೆ, ಧರ್ಮ, ಜನರ ನಡುವಿನ ಒಡನಾಟಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಆಗುತ್ತದೆ ಅಂತ ಆತ 1897ರಲ್ಲೇ ಅಂಕಿಅಂಶ ಮುಂದಿಟ್ಟು ವಾದಿಸಿದ.

ಆದರೆ ನನಗೆ ಅನ್ನ ಕೊಟ್ಟಿದ್ದು ಎಲ್ಲರೂ ಬೋರು ಅನ್ನುವ ಪೇಪರು: ಸಂಶೋಧನಾ ವಿಧಾನಗಳು. ಅದರ ಪ್ರಾಜೆಕ್ಟ್‌ಗೆ ಪ್ರಶ್ನಾವಳಿ ಹಿಡಿದು ಮನೆ ಮನೆ ಸುತ್ತಿದೆ. "ಮನೆಯಲ್ಲಿ ಯಾರ್ಯಾರು ಕೆಲಸ ಮಾಡ್ತೀರಿ?" ಅನ್ನುವುದು ಒಂದು ಪ್ರಶ್ನೆ. ಒಬ್ಬರು ಹೊಲಿಗೆ ಮಷಿನ್ ತುಳಿಯುತ್ತಲೇ, "ನಮ್ಮೆಜಮಾನ್ರು ಒಬ್ರೇ. ನಾನು ಸುಮ್ನೆ ಮನೇಲಿರ್ತೀನಿ" ಅಂದರು. ಪಕ್ಕದಲ್ಲಿ ಗಿರಾಕಿಗಳ ಬಟ್ಟೆ ರಾಶಿ. ನಾನೂ ಮಹಾ ಜಾಣ, 'ಕೆಲಸವಿಲ್ಲ' ಅನ್ನುವ ಕಡೆ ಟಿಕ್ ಹಾಕಿ ಎದ್ದು ಬಂದೆ! ಮೇಡಂ ಹತ್ತಿರ ತಮಾಷೆಯಾಗಿ ಹೇಳಿದರೆ, "ತಪ್ಪು ಅವರದಲ್ಲ, ನಿನ್ನ ಪ್ರಶ್ನೆಯದು" ಅಂದರು. ಪ್ರಶ್ನೆ ಬದಲಾಯಿಸಿದೆ. "ಕಳೆದ 7 ದಿನದಲ್ಲಿ ದುಡ್ಡು ಬರುವಂಥ ಕೆಲಸ ಒಂದು ಗಂಟೆಯಾದರೂ ಮಾಡಿದ್ರಾ?" ದೊಡ್ಡ ಉದ್ಯೋಗ ಸರ್ವೆಗಳು ಕೇಳುವುದೂ ಹೆಚ್ಚುಕಮ್ಮಿ ಹೀಗೇ. ಅದೇ ಮನೆಗಳಿಗೆ ಮತ್ತೆ ಹೋದೆ. 'ಕೆಲಸವಿಲ್ಲ' ಅಂದಿದ್ದ ಎಷ್ಟೋ ಹೆಂಗಸರು ಈ ಸಲ "ಹೂಂ, ಮಾಡಿದೀನಿ" ಅಂದರು. ಮೊದಲ ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಈ ಕಥೆಯೇ.

ಹೀಗೆ ಕೇಳುವುದು, ಎಣಿಸುವುದು ಗೊತ್ತಿದ್ದವರು ಮಾರುಕಟ್ಟೆ ಸಮೀಕ್ಷೆ, ಆರೋಗ್ಯ ಯೋಜನೆ, ಸ್ವಯಂಸೇವಾ ಸಂಸ್ಥೆ, ಎಚ್‌ಆರ್, ಪತ್ರಿಕೆ ಎಲ್ಲ ಕಡೆ ಇದ್ದಾರೆ. ಆ್ಯಪ್ ಮಾಡುವ ಕಂಪನಿಗಳಲ್ಲೂ ಬಳಕೆದಾರರನ್ನು ಕೂರಿಸಿಕೊಂಡು ಮಾತಾಡಿಸುವ ಕೆಲಸವಿದೆ. ಸಮಾಜಕಾರ್ಯ ಮಾತ್ರ ಬೇರೆಯೇ ಓದು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಕಾನೂನು, ಬಿಎಡ್ ಕಡೆ ತಿರುಗಿದವರೂ ಇದ್ದಾರೆ.

ಸೇರುವುದಾದರೆ ಸಂಖ್ಯಾಶಾಸ್ತ್ರದ ಪೇಪರ್ ಬಿಡಬೇಡಿ. ಲೆಕ್ಕ ಅಂದರೆ ಭಯ ಅಂತಲೇ ಈ ಕಡೆ ಬಂದವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಎಕ್ಸೆಲ್ ಜೊತೆಗೆ ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಾದ ಆರ್ (R) ಅಥವಾ ಎಸ್‌ಪಿಎಸ್‌ಎಸ್ ಒಂದನ್ನಾದರೂ ಕಲಿಯಿರಿ. ಆರ್ ಪುಕ್ಕಟೆ ಸಿಗುತ್ತದೆ. ಒಂದಷ್ಟು ಸಂದರ್ಶನ ರೆಕಾರ್ಡ್ ಮಾಡಿ, ಒಪ್ಪಿಗೆ ಕೇಳಿಯೇ ಮಾಡಿ, ಆಮೇಲೆ ಪದ ಬಿಡದೆ ಬರೆದಿಡಿ. ಒಂದು ಗಂಟೆಯ ಮಾತು ಬರೆಯಲು ನಾಲ್ಕೈದು ಗಂಟೆ ಬೇಕು. ಕೈ ನೋಯುತ್ತದೆ.

ಕಾಲೇಜು ಆರಿಸುವಾಗ ಸಿಲಬಸ್ ತರಿಸಿ ನೋಡಿ. ಕ್ಷೇತ್ರಕಾರ್ಯ ಇದೆಯಾ, ಅಥವಾ ಬರೀ ನೋಟ್ಸ್ ಬರೆಸುತ್ತಾರಾ? ಅಲ್ಲಿನ ಕೊನೆ ವರ್ಷದವರನ್ನೇ ಕೇಳಿಬಿಡಿ.